ನಿದ್ದೆ ಬರೆದಿಟ್ಟ ಪುಸ್ತಕ

ಮಾರ್ಚ್ 14, ಗುರುವಾರ
ಮಧ್ಯಾಹ್ನ ಎರಡೂಕಾಲು

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನೀನು ಹೆಣೆದು ಕಳಿಸಿದ ಹಳದಿ ಟೋಪಿ ಕೈ ಸೇರಿ ಏಳು ವಾರವಾಯಿತು. ತಲುಪಿತು ಎಂದು ಒಂದು ಸಾಲು ಬರೆಯಲೂ ಆಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಈಗ ಅದು ಗುಂಡುವಿನ ತಲೆಗೆ ಇಳಿಯುವುದೇ ಇಲ್ಲ, ನೆತ್ತಿಯ ಮೇಲೆ ಮುಚ್ಚಳದ ಹಾಗೆ ಕೂರುತ್ತದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಚೆನ್ನಾಗಿದ್ದೀಯಾ’ ಅನ್ನುತ್ತೀಯ, ನಾನು ‘ಹೂಂ’ ಅನ್ನುತ್ತೇನೆ, ಅಲ್ಲಿಗೆ ಮುಗಿಯುತ್ತದೆ. ಆರು ವರ್ಷದಿಂದ ನಮ್ಮ ಮಾತು ಅಷ್ಟೇ ಆಗಿಬಿಟ್ಟಿದೆ.

ಗುಂಡು ಚೆನ್ನಾಗಿದ್ದಾನೆ. ಮೂರು ತಿಂಗಳಿಗೇ ಹೊಟ್ಟೆ ತುಂಬಿದರೆ ನಾಲ್ಕು ಗಂಟೆ ಒಂದೇ ಸಮ ಮಲಗುತ್ತಾನೆ. ಈಗಲೂ ಮಲಗಿದ್ದಾನೆ. ‘ಮಗು ಮಲಗಿದಾಗ ನೀನೂ ಮಲಕ್ಕೊಮ್ಮ’ ಎಂದು ಅತ್ತೆ ಕದ ಮುಂದೆ ಮಾಡಿ ಹೋದರು. ಒಳ್ಳೆಯವರು ಪಾಪ. ಆದರೆ ಮಗು ಎಬ್ಬಿಸಿ ನಿದ್ದೆ ಕೆಡುವುದು ಬೇರೆ, ನನ್ನದು ಬೇರೆ. ಮಗು ಮಲಗಿದೆ, ಮನೆಯೆಲ್ಲ ನಿಶ್ಶಬ್ದ, ಮೈ ಸೋತು ಸುಣ್ಣವಾಗಿದೆ. ಆದರೂ ರೆಪ್ಪೆ ಮುಚ್ಚಿದರೆ ಎದೆ ಧಸಕ್ಕೆನ್ನುತ್ತದೆ. ಅವನ ಉಸಿರು ಕೇಳಿಸುತ್ತದೆ. ಕೇಳಿಸಿದ ತಕ್ಷಣ ಮುಂದಿನ ಉಸಿರಿಗೆ ಕಾಯುತ್ತೇನೆ. ಹೀಗೇ ಬೆಳಗಾಗುತ್ತದೆ. ಬೆಳಗಾದ ಮೇಲೆ ರಾತ್ರಿ ಬರುತ್ತದಲ್ಲ ಎಂಬ ಭಯ ಶುರುವಾಗುತ್ತದೆ.

ಪ್ರಯೋಗಾಲಯದಲ್ಲಿ ಹನಿ ಹನಿ ಅಳೆದು ಸಂಬಳ ತೆಗೆದುಕೊಳ್ಳುವವಳು ನಾನು. ಹೋದ ತಿಂಗಳು ಗುಂಡುವಿಗೆ ವಿಟಮಿನ್ ಹನಿ ಹಾಕಿ, ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿದೆ. ಸೀಸೆಯ ಮುಚ್ಚಳ ತೆರೆದೇ ಇದ್ದದ್ದು ನೋಡಿದಾಗಲೇ ಗೊತ್ತಾಯಿತು. ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದೆವು. ಅವರು ಅವನನ್ನು ಎರಡೇ ನಿಮಿಷ ನೋಡಿ, ‘ಮಗುಗೇನೂ ಆಗಿಲ್ಲ. ನೀವು ಮಲಗಿ ಎಷ್ಟು ದಿನ ಆಯ್ತು?’ ಎಂದು ನನ್ನನ್ನು ಕೇಳಿದರು. ನನಗೆ ಅಳು ತಡೆಯಲಾಗಲಿಲ್ಲ. ಹೆರಿಗೆಯಾದ ಮೇಲೆ ಕೆಲವರಿಗೆ ಹೀಗಾಗುವುದುಂಟಂತೆ, ಅದಕ್ಕೆ ಚಿಕಿತ್ಸೆಯೂ ಉಂಟಂತೆ. ‘ಸೋಮಾರಿತನ ಅಲ್ಲ, ನಾಟಕಾನೂ ಅಲ್ಲ’ ಎಂದರು. ಆ ಎರಡನೆಯ ಮಾತು ಕೇಳಿ ನೀನು ನೆನಪಾದೆ.

ಎರಡು ವಾರ ನಿದ್ದೆ ಬರೆದಿಡಿ ಎಂದು ಒಂದು ಪುಸ್ತಕ ಕೊಟ್ಟರು: ಎಷ್ಟು ಹೊತ್ತಿಗೆ ಮಲಗಿದಿರಿ, ಯಾವಾಗ ನಿದ್ದೆ ಹತ್ತಿತು, ಯಾವಾಗ ಎದ್ದಿರಿ. ‘ನಿನಗ್ಯಾಕೆ ತೊಂದ್ರೆ, ನಾನೇ ಬರೀತೀನಿ ಬಿಡು’ ಎಂದು ಇವರು ವಹಿಸಿಕೊಂಡರು. ಎರಡು ವಾರ ಬಿಟ್ಟು ಮತ್ತೆ ಹೋದಾಗ ಡಾಕ್ಟರು ಪುಟ ತಿರುಗಿಸಿ, ‘ಇದು ಯಾರ ಅಕ್ಷರ?’ ಅಂದರು.

‘ನಂದೇ ಡಾಕ್ಟ್ರೇ.’

‘ನೀವು ಎಷ್ಟು ಹೊತ್ತಿಗೆ ಮಲಗ್ತೀರಿ?’

‘ಹತ್ತೂವರೆಗೆ.’

‘ಏಳೋದು?’

‘ಆರಕ್ಕೆ.’

‘ಹಾಗಾದ್ರೆ ಇದು ನಿಮ್ಮ ನಿದ್ದೆ ಸ್ವಾಮಿ. ಇವರದ್ದು ಎಲ್ಲಿ?’

ಇವರು ಕಿವಿಯವರೆಗೆ ಕೆಂಪಾಗಿ ನಕ್ಕರು, ಡಾಕ್ಟರೂ ನಕ್ಕರು. ನನಗೆ ನಗು ಬರಲಿಲ್ಲ. ದಾರಿಯುದ್ದಕ್ಕೂ ‘ಸಿಟ್ಟು ಬಂತಾ?’ ಎಂದು ಕೇಳುತ್ತಲೇ ಇದ್ದರು. ಇವರ ಮೇಲೆ ನನಗೆ ಯಾವ ಸಿಟ್ಟು?

ಅಕ್ಕ, ಪುಟ್ಟಿ ಹುಟ್ಟಿದಾಗ ನಾನು ರಜೆಗೆಂದು ನಿಮ್ಮ ಮನೆಗೆ ಬಂದು ನಿನ್ನ ಕೋಣೆಯಲ್ಲೇ ಮಲಗುತ್ತಿದ್ದೆ. ‘ಹನ್ನೊಂದು ದಿನ ಆಯ್ತು ಕಣೇ, ಕಣ್ಣಿಗೆ ಕಣ್ಣು ಹತ್ತಿಲ್ಲ’ ಎಂದು ನೀನು ಹಲ್ಲುಜ್ಜುತ್ತಾ ಹೇಳಿದ್ದು ನೆನಪಿದೆ. ಬಾಣಂತನಕ್ಕೆಂದು ಬಂದಿದ್ದ ನಿಮ್ಮತ್ತೆ ಅಡುಗೆಮನೆಯಿಂದಲೇ, ‘ನಾವೂ ನಾಲ್ಕು ಹೆತ್ತಿದ್ದೀವಿ, ಈ ನಾಟಕ ನಮಗೆ ಬರ್ಲಿಲ್ಲ’ ಅಂದಿದ್ದರು. ಅಲ್ಲಿಯ ಡಾಕ್ಟರೂ ಹೀಗೇ ಒಂದು ಪುಸ್ತಕ ಬರೆಸಿದರು. ಹತ್ತು ದಿನದ ಪುಸ್ತಕ ನೋಡಿ, ‘ಐದಾರು ಗಂಟೆ ಮಲಗ್ತಿದ್ದಾರಲ್ಲ, ಇನ್ನೇನು?’ ಅಂದರು. ಮಲಗಿಯೂ ಮಲಗಿಲ್ಲ ಅನ್ನುವವಳ ಕೈಗೆ ಮಗು ಕೊಡುವುದು ಹೇಗೆಂದು ಭಾವ ಹೆದರಿದರು. ಪುಟ್ಟಿಯನ್ನು ನಿಮ್ಮತ್ತೆ ತಮ್ಮ ಮನೆಗೆ ಕರೆದುಕೊಂಡು ಹೋದರು. ಏಳು ತಿಂಗಳು. ಬಿದ್ದು ಮೊಣಕಾಲು ತರಚಿದರೆ ಪುಟ್ಟಿ ಇವತ್ತಿಗೂ ಅಜ್ಜಿಯ ಹತ್ತಿರವೇ ಓಡುತ್ತಾಳೆ. ಹೋದ ಬೇಸಿಗೆಯಲ್ಲಿ ನಾನೇ ನೋಡಿದೆ. ನೀನು ಬಾಗಿಲಲ್ಲಿ ಗಾಯಕ್ಕೆಂದು ಹತ್ತಿ ಹಿಡಿದು ನಿಂತೇ ಇದ್ದೆ.

ಅವತ್ತು ನಾನು ನಿನ್ನ ಪರವಾಗಿ ಒಂದು ಮಾತು ಆಡಬೇಕಿತ್ತು. ಆಡಲಿಲ್ಲ. ಇಷ್ಟು ತಡವಾಗಿ ಕ್ಷಮೆ ಕೇಳುತ್ತಿದ್ದೇನೆ.

ನಾಲ್ಕು ದಿನದ ಮಟ್ಟಿಗೆ ಬಂದು ಹೋಗುತ್ತೀಯಾ? ಮಾತ್ರೆ ಶುರು ಮಾಡಿದ್ದಾರೆ. ನಿನ್ನೆ ಎರಡು ಗಂಟೆ ನಿದ್ದೆ ಬಂತು. ಈ ಸಲ ನಾನೇ ಬರೆದುಕೊಂಡೆ. ಆದರೂ ಇದನ್ನು ವಿವರಿಸದೆಯೇ ಅರ್ಥ ಮಾಡಿಕೊಳ್ಳುವವರು ಒಬ್ಬರು ಪಕ್ಕದಲ್ಲಿದ್ದರೆ ಸಾಕು ಅನಿಸುತ್ತದೆ.

ಭಾವನಿಗೂ ನಿಮ್ಮತ್ತೆಗೂ ನಮಸ್ಕಾರ. ಪುಟ್ಟಿಗೆ ಚಿಕ್ಕಮ್ಮನ ಮುತ್ತು, ನೂರು ವರ್ಷ ನಗುತ್ತಿರಲಿ. ಗುಂಡುವಿನ ತಲೆಯ ಮೇಲೆ ನಿನ್ನ ಕೈ ಇರಲಿ, ಟೋಪಿ ಇಲ್ಲದಿದ್ದರೂ.

ನಿನ್ನ ತಂಗಿ,
ನೀನೇ ಹೆಸರಿಟ್ಟ ಕುಂಭಕರ್ಣಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ‘ಓದಿದವಳು, ನೀನೇ ಬರಿ’ ಎಂದು ಭಾವ ನಿನ್ನ ನಿದ್ದೆಯ ಪುಸ್ತಕ ನನ್ನ ಕೈಗೆ ಕೊಟ್ಟಿದ್ದರು. ನಾನು ಒಂದು ರಾತ್ರಿಯೂ ಎದ್ದಿರಲಿಲ್ಲ ಅಕ್ಕ. ತಲೆ ಇಟ್ಟರೆ ಬೆಳಗ್ಗೆಯೇ. ಹಾಗೆಂದು ಹೇಳಲು ನಾಚಿಕೆಯಾಗಿ, ಕಾಲೇಜಿನಲ್ಲಿ ಪ್ರಯೋಗ ಮಾಡದೆಯೇ ರೆಕಾರ್ಡಿನಲ್ಲಿ ಅಂಕಿ ತುಂಬುತ್ತಿದ್ದೆವಲ್ಲ, ಹಾಗೆ ದಿನವೂ ಬೆಳಗ್ಗೆ ಕಾಫಿ ಕುಡಿಯುತ್ತಾ ತುಂಬಿದೆ. ನಿಜವೆನ್ನಿಸಲಿ ಎಂದು ನಿದ್ದೆ ಹತ್ತಿದ್ದು ಒಂದು ದಿನ ಹನ್ನೊಂದು ಇಪ್ಪತ್ತು, ಇನ್ನೊಂದು ದಿನ ಹನ್ನೊಂದು ನಲವತ್ತು. ಡಾಕ್ಟರು ಓದಿದ ಮೇಲೆ ನೀನು ಆ ಪುಟಗಳನ್ನೇ ನೋಡುತ್ತಾ, ‘ಇವಳು ಯಾಕೆ ಸುಳ್ಳು ಬರೀತಾಳೆ? ನಾನೇ ಮಲಗಿರ್ತೀನಿ, ನನಗೇ ತಲೆ ಕೆಟ್ಟಿರಬೇಕು’ ಅಂದೆ. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ.

ನಿನಗೆ ತಲೆ ಕೆಟ್ಟಿರಲಿಲ್ಲ. ಇದನ್ನು ಓದಿ ಬರಬೇಡ ಅನಿಸಿದರೆ ಬರಬೇಡ. ಆದರೆ ಪತ್ರ ಹರಿಯಬೇಡ. ಭಾವನಿಗೆ ತೋರಿಸು, ನಿಮ್ಮತ್ತೆಗೆ ಓದಿ ಹೇಳು, ಪುಟ್ಟಿ ದೊಡ್ಡವಳಾದ ಮೇಲೆ ಅವಳ ಕೈಗೂ ಕೊಡು. ಆ ಪುಸ್ತಕ ಮನೆಯಲ್ಲಿ ಇನ್ನೂ ಇದ್ದರೆ ಪಕ್ಕದಲ್ಲಿಟ್ಟು ನೋಡಲಿ. ಅಕ್ಷರ ಒಂದೇ.