ಕಡಲಿಂದ ಬೆಟ್ಟಕ್ಕೆ ಐದು ಗ್ಲಾಸು

ಮಾರ್ಚ್ 3, ಮಂಗಳವಾರ. ಮಧ್ಯಾಹ್ನ 3.30

ಮೂಳೆ ಸೂಪು ಒಲೆ ಮೇಲಿದೆ. ಇನ್ನೂ ಒಂದು ಗಂಟೆ ಕುದಿಯಬೇಕು. ಮಧ್ಯಾಹ್ನದವರು ಎದ್ದು ಹೋದರು, ಸಂಜೆಯವರು ಬಂದಿಲ್ಲ. ಬರೆಯಲು ಸಿಗುವುದು ಇಷ್ಟೇ ಹೊತ್ತು.

ಮಾಲೀಕರು ತಾವಾಗಿಯೇ ಅಡುಗೆಮನೆಗೆ ಬಂದರು. ಅವರು ಇಲ್ಲಿಗೆ ಕಾಲಿಟ್ಟರೆ ನನಗೇನೋ ಕಾದಿದೆ ಅಂತಲೇ ಅರ್ಥ.

"ಏನಮ್ಮಾ, ಹದಿನಾಲ್ಕಕ್ಕೆ ಸ್ಪೆಷಲ್ ಡಿನ್ನರ್. ನಲವತ್ತು ಜನ. ನಮ್ಮ ನದಿ ಪಕ್ಕದ ಐದು ತೋಟದ ವೈನು, ಒಂದೊಂದಕ್ಕೂ ಒಂದೊಂದು ಐಟಂ. ತೋಟದವರೂ ಬರ್ತಾರೆ. ಮಾನ ಕಳೀಬೇಡ."

ದೊಡ್ಡ ಶೆಫ್ ಬಿಟ್ಟು ಹೋಗಿ ಹನ್ನೊಂದು ತಿಂಗಳಾಯಿತು. ಅವತ್ತಿನಿಂದ ಈ ಒಲೆಗಳ ಮುಂದೆ ನಿಂತಿರುವವಳು ನಾನು. ಆದರೂ ನಾನು 'ಸದ್ಯಕ್ಕೆ'. ಮೆನು ಕಾರ್ಡಿನ ಮೇಲೆ ನನ್ನ ಹೆಸರಿಲ್ಲ. ಇವತ್ತು ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ಇದೊಂದು ಚೆನ್ನಾಗಿ ಆಗ್ಲಿ, ನೀನೇ ಹೆಡ್ ಶೆಫ್ಫು. ಆಗ್ಲಿಲ್ವೋ, ಹೊರಗಡೆಯವರು ಒಬ್ರು ಕಾಯ್ತಾ ಇದಾರೆ."

ಸರಿ ಅಂದೆ. ಜೀವಮಾನದಲ್ಲಿ ವೈನು ಕುಡಿದಿಲ್ಲ ಅಂತ ಮಾತ್ರ ಹೇಳಲಿಲ್ಲ. ಸಾಸಿಗೆ ಸುರಿದಿದ್ದೇನೆ. ಅಷ್ಟೇ.

ಮಾರ್ಚ್ 4, ಬುಧವಾರ

ಥೀಮು ಬೇಕಂತೆ. ಮಾಲೀಕರೇ ಹೇಳಿದರು — "ಬೆಟ್ಟದಿಂದ ಕಡಲಿಗೆ". ನದಿ ಹುಟ್ಟುವ ಜಾಗದ ವೈನು ಮೊದಲು, ಸಮುದ್ರ ಸೇರುವ ಜಾಗದ್ದು ಕೊನೆಗೆ. ಕೇಳಲು ಚಂದ. ಆದರೆ ಬೆಟ್ಟದ ಮೇಲಿನದು ಜೇನಿನಂಥ ಸಿಹಿ ಅಂತೆ, ಕಡಲ ಪಕ್ಕದ್ದು ಹುಳಿ, ಮೀನಿಗೆ ಹೇಳಿ ಮಾಡಿಸಿದ್ದು. ಹಾಗಾದರೆ ಮೊದಲು ಸಿಹಿ ತಿಂದು, ಬಾಯಿ ಒರೆಸಿಕೊಂಡು, ಕೊನೆಗೆ ಮೀನು ತಿಂದು ಮನೆಗೆ ಹೋಗುವುದೇ?

"ತಿರುಗಿಸಿಬಿಡೋಣ ಸರ್. ಕಡಲಿಂದ ಬೆಟ್ಟಕ್ಕೆ."

"ನದಿ ಎಲ್ಲಾದ್ರೂ ಮೇಲಕ್ಕೆ ಹರಿಯುತ್ತೇನಮ್ಮಾ?"

"ನದಿ ಹರಿಯಲ್ಲ ಸರ್. ಮೀನು ಹತ್ತುತ್ತೆ."

"ಹತ್ತುತ್ತಾ?"

"ಹತ್ತುತ್ತೆ."

ಒಪ್ಪಿದರು. ಎಲ್ಲ ಮೀನೂ ಹತ್ತುವುದಿಲ್ಲ... ಅದನ್ನು ಹೇಳಲು ಹೋಗಲಿಲ್ಲ.

ಮಾರ್ಚ್ 7, ಶನಿವಾರ. 3.10

ಬಾಟಲಿ ಬಂದವು. ಜೊತೆಗೆ ವೈನು ತಂದುಕೊಡುವ ಹುಡುಗ ಕೂಡ. ರುಚಿ ನೋಡುವ ಕ್ರಮ ಕಲಿಸಿದ. ಗ್ಲಾಸು ಅಲ್ಲಾಡಿಸಬೇಕು, ಮೂಸಬೇಕು, ಬಾಯಲ್ಲಿ ಗುಳುಗುಳು ಆಡಿಸಬೇಕು, ಆಮೇಲೆ ಬಕೆಟ್ಟಿಗೆ ಉಗಿಯಬೇಕು. ಉಗಿದು ತೋರಿಸಿದ. ನನಗೆ ಬರಲಿಲ್ಲ. ಬಾಯಿಗೆ ಹಾಕಿಕೊಂಡದ್ದನ್ನು ಉಗಿದರೆ ಅಮ್ಮ ಬೆನ್ನ ಮೇಲೆ ಬಾರಿಸುತ್ತಿದ್ದಳು. ಐವತ್ತರ ಹತ್ತಿರ ಬಂದರೂ ಆ ಬೆನ್ನು ಮರೆತಿಲ್ಲ. ನುಂಗಿಬಿಟ್ಟೆ.

"ಮೇಡಂ, ನುಂಗಬಾರ್ದು. ಐದಿದೆ."

"ನೀನು ಹೋಗಪ್ಪಾ, ನಾನು ನೋಡ್ಕೋತೀನಿ."

ಅದೇ ದಿನ. 5.00

ಒಂದೊಂದು ಐಟಮನ್ನೂ ಸ್ವಲ್ಪ ಸ್ವಲ್ಪ ಮಾಡಿ, ಒಂದು ತುತ್ತು, ಒಂದು ಗುಟುಕು. ಮೆನು ಪುಸ್ತಕದಲ್ಲಿ ಪ್ರತಿಯೊಂದರ ಕೆಳಗೂ ಅನಿಸಿದ್ದನ್ನು ಬರೆದಿಟ್ಟಿದ್ದೇನೆ. ಜೋಡಿ ಸರಿಹೋದವು. ಎಲ್ಲವೂ. ನಾನು ತುಂಬಾ ಬುದ್ಧಿವಂತೆ. ಇದನ್ನು ಯಾರೂ ಇದುವರೆಗೆ ಹೇಳಿಲ್ಲ... ಗೋಡೆ ಯಾಕೋ ಹತ್ತಿರ ಬಂ

ಮಾರ್ಚ್ 8, ಭಾನುವಾರ

ತಲೆ ಹತ್ತು ಮಣ. ನಿನ್ನೆ ನಮ್ಮ ಮನೆಯವರು ತಾವು ಓಡಿಸುವ ಸ್ಕೂಲ್ ವ್ಯಾನಿನಲ್ಲಿ ಬಂದು ಕರೆದುಕೊಂಡು ಹೋದರಂತೆ. ಮಕ್ಕಳ ಸೀಟಿನಲ್ಲಿ ಮಡಿಸಿಕೊಂಡು ಕೂತು, ದಾರಿಯುದ್ದಕ್ಕೂ ಇವರನ್ನು "ಡ್ರೈವರ್ ಅಂಕಲ್" ಅಂತ ಕರೆದೆನಂತೆ. ನಂಬುವುದಿಲ್ಲ.

ಮಾರ್ಚ್ 12, ಗುರುವಾರ. 4.00

ಮೂರು ದಿನ ಅದೇ ಅಡುಗೆ, ಅದೇ ಅಡುಗೆ. ಈಗ ಕೈಗೆ ಕೂತಿದೆ.

ಕಾರ್ಡು ಟೈಪ್ ಮಾಡುವುದು ರಿಸೆಪ್ಷನ್ನಿನ ಕವಿ. ಅವನಿಗೆ ಆ ಹೆಸರಿಟ್ಟವಳು ನಾನೇ. ಇಬ್ಬರು ಮಕ್ಕಳ ಮದುವೆ ಮಾಡಿದರೂ ಕವಿತೆಯ ಹುಚ್ಚು ಬಿಟ್ಟಿಲ್ಲ. ಹೋದ ಸಲ ಸಾದಾ ಟೊಮೆಟೊ ಸೂಪನ್ನು "ಸಂಧ್ಯಾರಾಗದ ಬಟ್ಟಲು" ಅಂತ ಮಾಡಿಟ್ಟಿದ್ದ. ಜನ ಏನೆಂದು ಕೇಳಿ ಕೇಳಿ ಸಾಕು ಮಾಡಿದರು. ಅದಕ್ಕೇ ಇವತ್ತು ಮೆನು ಪುಸ್ತಕ ಕೈಗೆ ಕೊಟ್ಟು ಖಡಾಖಂಡಿತವಾಗಿ ಹೇಳಿದೆ.

"ನಿನ್ನ ಸಾಹಿತ್ಯ ಬೇಡ. ಇದರಲ್ಲಿ ಏನಿದ್ಯೋ ಅದನ್ನ ಹಳೇ ಕಾರ್ಡಿನ ಮೇಲೇ ಕೂರಿಸು. ಒಂದಕ್ಷರ ಸೇರಿಸ್ಬೇಡ, ಒಂದಕ್ಷರ ಬಿಡ್ಬೇಡ."

ಮುಖ ಸಣ್ಣದು ಮಾಡಿಕೊಂಡು ಹೋದ. ಮೂರೂವರೆಗೆ ಸ್ಕ್ರೀನಿನಲ್ಲಿ ತೋರಿಸಿದ. ಕನ್ನಡಕ ಹಿಟ್ಟಿನ ಡಬ್ಬದ ಮೇಲೆ ಬಿಟ್ಟು ಬಂದಿದ್ದೆ. ಅಂಚಿನಲ್ಲಿ ಅಲೆ ಅಲೆಯಾಗಿ ನೀಲಿ ಗೆರೆ ಕಂಡಿತು. ಚಂದ ಇದೆ, ಹಾಕಿಸು ಅಂದೆ.

ಮಾರ್ಚ್ 14, ಶನಿವಾರ. ಸಂಜೆ 7.20

ಮೀನು ಟೇಬಲಿಗೆ ಹೋಯಿತು. ಹೊರಗೆ ನಗು. ಯಾಕೆ ನಗುತ್ತಿದ್ದಾರೆ? ಮೀನಿನಲ್ಲಿ ನಗುವಂಥದ್ದೇನಿದೆ?

7.25

ಕಾರ್ಡು ಓದಿದೆ. ಅಯ್ಯೋ, ನನ್ನ ಕರ್ಮವೇ.

ಮಾರ್ಚ್ 15, ಭಾನುವಾರ. ಬೆಳಿಗ್ಗೆ

ನಡೆದದ್ದನ್ನು ಬರೆದಿಡುತ್ತೇನೆ.

ಕವಿ ಐಟಂ ಹೆಸರು ಮಾತ್ರ ಟೈಪ್ ಮಾಡಿದ್ದಲ್ಲ. ಕೆಳಗೆ ನಾನು ಕುಡಿದು ಗೀಚಿದ್ದನ್ನೂ ಮಾಡಿದ್ದಾನೆ. ಕಾಮಾ ಸಮೇತ. ನಲವತ್ತು ಕಾರ್ಡು, ದಪ್ಪ ಕಾಗದ. ಹೀಗಿತ್ತು:

ಮೀನು, ಕಡಲ ಪಕ್ಕದ ಬಿಳಿ ವೈನು — ಹುಳಿ, ಚೂರು ಉಪ್ಪು. ಮೈ ಜುಮ್ಮೆನ್ನುತ್ತದೆ. ಸರಿಯಾಗಿದೆ.

ಅಣಬೆ, ನದೀಮುಖದ ಗುಲಾಬಿ ವೈನು — ಬಣ್ಣ ನೋಡಿ ಮರುಳಾಗಬಾರದು. ನಮ್ಮ ನಾದಿನಿಯ ಹಾಗೆ. ಬಂದ ದಿನ ಸಿಹಿ, ಎರಡು ದಿನ ಉಳಿದರೆ ಗಂಟಲು ಕಟ್ಟುತ್ತದೆ.

ಕೋಳಿ, ಬಯಲಿನ ಕೆಂಪು ವೈನು — ಮಾತೇ ಆಡುವುದಿಲ್ಲ. ನಮ್ಮ ಮನೆಯವರ ತರಹ. ಆದರೆ ಪಕ್ಕದಲ್ಲಿದ್ದರೆ ಊಟ ಸೇರುತ್ತದೆ.

ಕುರಿ, ಬೆಟ್ಟದ ಬುಡದ ಕೆಂಪು ವೈನು — ಬಾಟಲಿ ಭಾರ, ಲೇಬಲ್ಲಿಗೆ ಚಿನ್ನದ ಬಣ್ಣ, ಮುಚ್ಚಳ ತೆಗೆದರೆ ಬರೀ ಜಂಬ. ಥೇಟು ನಮ್ಮ ಮಾಲೀಕರು.

ಬೇಯಿಸಿದ ಪೇರು ಹಣ್ಣು, ಬೆಟ್ಟದ ಮೇಲಿನ ಸಿಹಿ ವೈನು — ಇದಕ್ಕೆ ಏನೂ ಬೇಡ. ಸುಮ್ಮನೆ ಕೂತು ಕುಡಿಯಿರಿ. ನನಗೆ ಅಳು ಬರುತ್ತಿದೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ... ಇಲ್ಲಿ ಕುಂಬಾರನೂ ನಾನೇ, ದೊಣ್ಣೆಯೂ ನಂದೇ. ಕವಿಯನ್ನು ಹಿಡಿದು ಕೇಳಿದರೆ, "ಒಂದಕ್ಷರ ಬಿಡ್ಬೇಡ ಅಂದ್ರಲ್ಲ ಮೇಡಂ" ಅಂದ. ಅಂದಿದ್ದೆ.

ಕುರಿ ಬಡಿಸಿದ ಮೇಲೆ ನಗು ಛಾವಣಿ ಮುಟ್ಟಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಬೆಟ್ಟದ ಬುಡದ ತೋಟದವನು. ಬೈಸಿಕೊಂಡದ್ದು ತನ್ನ ವೈನೂ ಹೌದು ಅಂತ ಅವನಿಗೆ ಹೊಳೆದೇ ಇಲ್ಲ. ಮಾಲೀಕರು ಕಾರ್ಡು ಹಿಡಿದು ಅಡುಗೆಮನೆಗೆ ಬಂದರು. ಮುಖ ಬೀಟ್‌ರೂಟು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

"ನೋಡಮ್ಮಾ ಆ ದೊಡ್ಡ ಶೆಫ್ ಹಲ್ಕಾ ಕೆಲ್ಸಾನ! ಬಿಟ್ಟು ಹೋದ್ರೂ ನನ್ನ ಮರ್ಯಾದೆ ತೆಗೀತಾ ಇದಾನೆ!"

ನನಗೆ ಅರ್ಥವಾಗಲಿಲ್ಲ. ಬೆರಳಿಟ್ಟು ತೋರಿಸಿದರು. ಕಾರ್ಡಿನ ಕೊನೆಗೆ "ಅಡುಗೆ:" ಅಂತ, ಮುಂದೆ ದೊಡ್ಡ ಶೆಫ್ ಹೆಸರು. ಹಳೇ ಕಾರ್ಡಿನಲ್ಲಿ ಇದ್ದದ್ದು ಹಾಗೇ ಉಳಿದುಕೊಂಡಿದೆ.

ಬಚಾವಾದೆ. ನಿಜ ಹೇಳಬೇಕು, ಮೊದಲು ಅನಿಸಿದ್ದು ಅದೇ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಬೈಗುಳವೆಲ್ಲ ಅವನ ತಲೆಗೆ, ಹೆಡ್ಡು ಪಟ್ಟ ನನಗೆ. "ಏನ್ ಜನಾನೋ ಸರ್" ಅಂದೆ. ಅಂದೆ! ನಾಚಿಕೆಯಾಗುತ್ತದೆ.

ಪೇರು ಹೋದ ಮೇಲೆ ಹೊರಗೆ ಚಪ್ಪಾಳೆ. ಬಾಗಿಲ ಸಂದಿಯಿಂದ ನೋಡಿದೆ. ಕಡಲ ತೋಟದ ಯಜಮಾನತಿ, ವಯಸ್ಸಾದವರು, ಗ್ಲಾಸು ಎತ್ತಿ ನಿಂತಿದ್ದರು. "ಮೂವತ್ತು ವರ್ಷದಿಂದ ವೈನು ಮಾಡ್ತಿದೀನಿ. ನನ್ನ ವೈನಿಗೆ ಸರಿಯಾದ ಮೀನು ಇವತ್ತು ಸಿಕ್ತು" ಅಂದರು. ಆಮೇಲೆ ಕಾರ್ಡು ನೋಡಿ ದೊಡ್ಡ ಶೆಫ್ ಹೆಸರು ಹೇಳಿದರು. ನಲವತ್ತು ಜನವೂ ಆ ಹೆಸರಿಗೆ ಚಪ್ಪಾಳೆ ತಟ್ಟಿದರು.

ಬೈಗುಳ ಅವನಿಗೆ ಹೋಗಲಿ, ಬೇಕಾದರೆ ಇನ್ನೂ ನಾಲ್ಕು ಸೇರಿಸಿ ಕೊಡುತ್ತೇನೆ. ಆದರೆ ನನ್ನ ಮೀನು? ಅದನ್ನು ಮಾತ್ರ ಕೊಡಲಾರೆ.

ಏಪ್ರನ್ನಿನಲ್ಲೇ ಹೊರಗೆ ಹೋದೆ.

"ಮೀನು ನಂದು. ಅಣಬೆ, ಕೋಳಿ, ಕುರಿ, ಪೇರು... ಎಲ್ಲ ನಂದು. ಬರೆದಿದ್ದೂ ನಾನೇ. ನಾಲ್ಕನೇದೂ."

ಮಾಲೀಕರು ನನ್ನನ್ನೇ ನೋಡಿದರು. "ಸೋಮವಾರ ಹತ್ತಕ್ಕೆ ಆಫೀಸು ರೂಮಿಗೆ ಬಾ" ಅಂದರು, ಅಷ್ಟೇ. ಒಳಗೆ ಬಂದು ಒಲೆ ಉಜ್ಜಿದೆ. ಉಜ್ಜಿದ್ದನ್ನೇ ಮತ್ತೆ ಉಜ್ಜಿದೆ.

ಮನೆಯಲ್ಲಿ ಇವರು ಕಾರ್ಡು ಓದಿದರು, ಎರಡು ಸಲ. "ನನ್ನ ತಂಗಿ ಬಗ್ಗೆ ಬರೆದಿರೋದು ತಪ್ಪು" ಅಂದರು. ಕಾರ್ಡು ಮಡಿಸಿಟ್ಟು, "ಎರಡು ದಿನ ಬೇಡ, ಒಂದೇ ದಿನ ಸಾಕು." ನಕ್ಕು ನಕ್ಕು ಕೊನೆಗೆ ಅತ್ತುಬಿಟ್ಟೆ. ಹೊರಗಿನವರು ಯಾರೋ ಬಂದು ನನ್ನ ಒಲೆ ಮುಂದೆ ನಿಲ್ಲುತ್ತಾರೆ ಅನ್ನುವುದನ್ನು ನೆನೆಯಲು ಆಗುತ್ತಿಲ್ಲ.

ಮಾರ್ಚ್ 16, ಸೋಮವಾರ. 4.30

ಹತ್ತಕ್ಕೆ ಹೋದೆ. ನಿಂತೇ ಇದ್ದೆ.

"ಬರೀ ಜಂಬಾನಾ?" ಅಂದರು.

"ಅದು ನಾಲ್ಕನೇ ಗ್ಲಾಸು ಸರ್."

"ನಾಲ್ಕನೇ ಗ್ಲಾಸಲ್ಲಿ ಯಾರೂ ಸುಳ್ಳು ಹೇಳಲ್ಲ." ಕಿಟಕಿ ಕಡೆ ತಿರುಗಿದರು. "ಮನೇಲಿ ನನ್ನ ಹೆಂಡ್ತಿ ಆ ಕಾರ್ಡಿಗೆ ಕಟ್ಟು ಹಾಕಿಸಿ ಇಟ್ಕೊಂಡಿದಾಳೆ."

ಮೇಜಿನ ಡ್ರಾಯರಿನಿಂದ ಒಂದು ಹಾಳೆ ತೆಗೆದರು.

"ಕಡಲ ತೋಟದವರು ಫೋನ್ ಮಾಡಿದ್ರು. ಮುಂದಿನ ತಿಂಗಳು ಅರವತ್ತು ಜನ. ಆ ಹೆಂಗಸೇ ಅಡುಗೆ ಮಾಡ್ಬೇಕು, ಅವಳೇ ಬರೀಬೇಕು ಅಂದ್ರು. ಬೇರೆಯವ್ರು ಮಾಡಿದ್ರೆ ವೈನೇ ಕೊಡಲ್ವಂತೆ."

ಪ್ರೆಸ್ಸಿಗೆ ಕೊಡುವ ಹಾಳೆ ನನ್ನ ಕಡೆ ತಳ್ಳಿದರು. "ಅಡುಗೆ:" ಅಂತ ಇತ್ತು. ಮುಂದೆ ಖಾಲಿ.

"ಕೂತ್ಕೊಳ್ಳಿ" ಅಂದರು. "ನೀವೇ ಬರೀರಿ."

ಹನ್ನೊಂದು ತಿಂಗಳು ಬಾರಮ್ಮಾ, ಹೋಗಮ್ಮಾ. ಇವತ್ತು ಕೂತ್ಕೊಳ್ಳಿ. ಕೂತೆ. ಪೆನ್ನು ಹಿಡಿದೆ. ದೊಡ್ಡ ಅಕ್ಷರದಲ್ಲಿ ನನ್ನ ಹೆಸರು ಬರೆದೆ, ಗೆರೆ ದಾಟಿ ಹೋಯಿತು.

ಇವರಿಗೆ ಫೋನ್ ಮಾಡಿಲ್ಲ. ಎದುರು ನಿಂತೇ ಹೇಳಬೇಕು. ಮೊದಲು ಏನು ಹೇಳಲಿ? ಸುಮ್ಮನೆ ಹೇಳಿದರೆ ಇವರು "ಹೂಂ" ಅಂದುಬಿಡುತ್ತಾರೆ, ಮಾತಾಡದ ಮನುಷ್ಯ. ಸ್ವಲ್ಪ ಆಟ ಆಡಿಸಿ, ಕೆಲಸ ಹೋಯಿತು ಅಂತ ಮುಖ ಮಾಡಿಕೊಂಡು... ಬೇಡ ಬೇಡ, ಪಾಪ, ಬೆಳಿಗ್ಗೆ ತಿಂಡಿ ಸಹ ಬಿಟ್ಟು ಹೋಗಿದ್ದಾರೆ. ನೇರವಾಗಿ ಹೇಳುತ್ತೇನೆ. ಹಿಂಬಾಗಿಲಲ್ಲಿ ವ್ಯಾನಿನ ಹಾರನ್ನು. ಬಂದರು. ಇಷ್ಟು ಬೇಗ! ಏಪ್ರನ್ನೂ ಬಿಚ್ಚಿಲ್ಲ, ಇರಲಿ, ಹೀಗೇ ಓಡಿ