ಅಂಗಳಕ್ಕೆ ಚೆಲ್ಲಿದ ಬಿಯರ್

ಅಪ್ಪಾ,

ದೊರೆ ತೋಟ ಮಾರಿ ಇಂಗ್ಲೆಂಡಿಗೆ ಹೊರಟುಹೋದರು. ಬಂಗಲೆಯಲ್ಲಿ ಉಳಿದ ಪೇಲ್ ಏಲ್ ಬಿಯರ್ ಬಾಟಲಿಗಳಲ್ಲಿ ಕೆಟ್ಟದ್ದು ಯಾವುದೆಂದು ನೋಡಲು ಹೊಸ ಸಾಹುಕಾರರು ಪೂವಯ್ಯನವರು ನಿನ್ನೆ ನನ್ನನ್ನು ಕರೆಸಿದರು. ಬಟ್ಲರನ ಮಗನಲ್ಲವೇ. ಮೊದಲ ಗುಟುಕಿಗೇ, "ಕಹಿ, ಕೆಟ್ಟುಹೋಗಿದೆ" ಎಂದೆ. ಅವರೂ ಕುಡಿದು ನೋಡಿ ನಕ್ಕರು.

"ಒಳ್ಳೇದೇ ಉಂಟು ಕೂಸಪ್ಪ. ಈ ಬಿಯರ್ ಇರೋದೇ ಕಹಿ."

ಮೂವತ್ತು ವರ್ಷ ದೊರೆಗೆ ಸುರಿದುಕೊಟ್ಟ ನೀವು ಒಮ್ಮೆ ಮಾತ್ರ ಒಂದು ಬಾಟಲಿ ಮನೆಗೆ ತಂದಿರಿ. ನಾನೇ ಮೊದಲು ರುಚಿ ನೋಡಿ, ದೊರೆ ಕೆಟ್ಟದ್ದನ್ನು ನಿಮಗೆ ದಾಟಿಸಿದ್ದಾರೆಂದು ಬೈದು ಅಂಗಳಕ್ಕೆ ಚೆಲ್ಲಿದೆ. ನೀವು ಖಾಲಿ ಬಾಟಲಿಯನ್ನು ತೊಳೆದಿಟ್ಟಿರಿ.

ಇವತ್ತು ಹಿರಿಯರಿಗೆ ಎಡೆ ಇಟ್ಟೆವು. ನಿಮ್ಮ ಲೋಟಕ್ಕೆ ಸಾರಾಯಿಯ ಬದಲು ಬಂಗಲೆಯಿಂದ ತಂದ ಆ ಬಿಯರನ್ನೇ ಸುರಿದಿಟ್ಟೆ. ಈ ಸಲ ನಾನು ರುಚಿ ನೋಡಲಿಲ್ಲ.