ಹತ್ತುವಾಗ ಇದ್ದ ಕಲ್ಲು

ಕರಾವಳಿ ಅಭಯಾರಣ್ಯದ ಸಂರಕ್ಷಣಾಧಿಕಾರಿಗಳೇ,

ನೀವು ನನ್ನ ಕಲ್ಲು ತೆಗೆಸಿದ್ದೀರಿ. ಅದೂ ನಾನು ಸೈಕಲ್ ಮೇಲಿದ್ದಾಗ. ಹತ್ತುವಾಗ ಇದ್ದ ಕಲ್ಲು ಇಳಿಯುವ ಹೊತ್ತಿಗೆ ಇಲ್ಲದ್ದರಿಂದ, ಒಂದು ಸುತ್ತು ಹೊಡೆಯಬೇಕಿದ್ದ ನಾನು ನಾಲ್ಕು ಸುತ್ತು ಹೊಡೆದೆ. ಈಗ ನಾಲ್ಕು ಸುತ್ತು ಏಕೆ ಹೊಡೆದಿರೆಂದು ನೀವೇ ನೋಟಿಸ್ ಕಳಿಸಿದ್ದೀರಿ. ಏಳು ದಿನದೊಳಗೆ ಸಮಾಧಾನಕರ ಉತ್ತರ ಬಾರದಿದ್ದರೆ ನನ್ನ ಸೈಕಲ್ ಪಾಸನ್ನು ಶಾಶ್ವತವಾಗಿ ರದ್ದುಪಡಿಸಲಾಗುವುದಂತೆ. ಉತ್ತರವನ್ನು ನಿಮಗೊಬ್ಬರಿಗೇ ಬರೆಯಬಹುದಿತ್ತು. ಆದರೆ ಆ ಭಾನುವಾರ ನನ್ನನ್ನು ಕಣ್ಣಾರೆ ಕಂಡವರು ಊರು ತುಂಬ ಇದ್ದಾರೆ, ಅವರಿಗೂ ವಿವರಣೆ ಕೊಟ್ಟು ಕೊಟ್ಟು ನನಗೆ ಸಾಕಾಗಿದೆ. ಆದ್ದರಿಂದ ಪತ್ರಿಕೆಯ ಮೂಲಕವೇ ಬರೆಯುತ್ತಿದ್ದೇನೆ.

ನಾನು ಯಾರೆಂದು ನಿಮಗೆ ಗೊತ್ತಿಲ್ಲದಿರಬಹುದು, ನನ್ನ ಕೈಕೆಲಸ ಗೊತ್ತು. ನಿಮ್ಮ ಕಚೇರಿಯ ರಸ್ತೆಯ ಎಂಟಡಿ ಅಗಲದ ಜೆರಾಕ್ಸ್ ಅಂಗಡಿ ನನ್ನದು. ಮೂವತ್ತೊಂದು ವರ್ಷದಿಂದ ಅಲ್ಲಿ ನಿಂತಿದ್ದೇನೆ. ಈ ನಡುವೆ ಆರು ಯಂತ್ರಗಳು ಕೆಟ್ಟು ಹೋದವು, ನಾನಿನ್ನೂ ಓಡುತ್ತಿದ್ದೇನೆ. ಗದ್ದಲ ಮಾಡಬೇಡಿ, ಹೂ ಕೀಳಬೇಡಿ, ಮರಳ ದಿಬ್ಬ ಹತ್ತಬೇಡಿ ಎಂದು ಅಭಯಾರಣ್ಯದ ಕಂಬಕಂಬಕ್ಕೂ ನೀವು ನೇತುಹಾಕಿದ್ದೀರಲ್ಲ, ಅವನ್ನೆಲ್ಲ ಲ್ಯಾಮಿನೇಟ್ ಮಾಡಿ, ಮೂಲೆ ದುಂಡಗೆ ಕತ್ತರಿಸಿ, ತೂತು ಹೊಡೆದು ಕೊಟ್ಟವಳು ನಾನೇ. ಮಳೆ ಬಿದ್ದರೂ ಒಂದರಲ್ಲಿಯೂ ನೀರು ನುಗ್ಗಿಲ್ಲ. ಹೋಗಿ ನೋಡಬಹುದು, ಒಂದು ಸುತ್ತಿಗೆ ಅವಕಾಶವಿದೆ.

ಸೈಕಲ್ ಕಲಿತಿದ್ದು ಐವತ್ತೊಂಬತ್ತನೆಯ ವಯಸ್ಸಿನಲ್ಲಿ. ಚಿಕ್ಕವಳಿದ್ದಾಗ ನಮ್ಮಣ್ಣ ಕಲಿಯುವಾಗ ಕ್ಯಾರಿಯರ್ ಹಿಡಿದು ಹಿಂದೆ ಓಡಿದವಳು ನಾನು. ಅವನು ಕಲಿತ, ನನ್ನ ಸರದಿ ಬರುವಷ್ಟರಲ್ಲಿ ಸೈಕಲ್ ಬೇರೆಯವರ ಪಾಲಾಯಿತು. ಕೊನೆಗೆ ನನಗೆ ಗುರುವಾದವಳು ನನ್ನ ನಾದಿನಿ. ಆಸ್ಪತ್ರೆಯಲ್ಲಿ ನರ್ಸ್, ಅರ್ಧ ರೋಗಿಗಳನ್ನು ಔಷಧಿಯಿಂದಲೂ ಉಳಿದರ್ಧವನ್ನು ಬೈದೂ ಗುಣ ಮಾಡುವವಳು. ಒಂದು ಸಂಜೆ ಅಂಗಡಿಗೆ ಬಂದು ನನ್ನ ಕಾಲು ನೋಡಿ, "ಅತ್ತಿಗೆ, ನಿಂತು ನಿಂತು ಕಾಲು ಊದಿಕೊಂಡಿದೆ. ನನ್ನ ಹಳೇ ಸೈಕಲ್ ಸುಮ್ನೆ ತುಕ್ಕು ಹಿಡೀತಾ ಇದೆ. ನಾಳೆಯಿಂದ ನೀವು ತುಳೀತೀರಿ, ಅಷ್ಟೇ" ಅಂದಳು. ಹನ್ನೆರಡು ದಿನಕ್ಕೆ ಕಲಿತೆ. ತಿರುಗಿಸುವುದು, ಗಂಟೆ ಬಾರಿಸುವುದು, ಎದುರು ಬಂದವರನ್ನು ತಪ್ಪಿಸುವುದು, ಎಲ್ಲವೂ ಬಂತು. ಇಳಿಯುವುದೊಂದು ಬರಲಿಲ್ಲ.

ಈ ಮಾತಿಗೆ ನಿಮ್ಮ ಮೇಜಿನ ಸುತ್ತ ಎಲ್ಲರೂ ನಗುತ್ತಾರೆ, ನಗಲಿ. ನನ್ನ ಎತ್ತರ ನಾಲ್ಕಡಿ ಹತ್ತಂಗುಲ. ಸೀಟನ್ನು ಪೂರ್ತಿ ಕೆಳಗಿಳಿಸಿದರೂ ಕಾಲು ನೆಲಕ್ಕೆ ಎಟುಕುವುದಿಲ್ಲ. ಎಡಮಂಡಿ ಪೆಡಲ್ ತುಳಿಯಲು ಒಪ್ಪುತ್ತದೆ, ಹಾರಿ ಇಳಿದರೆ ಭಾರ ತಡೆಯುವುದಿಲ್ಲ. ಎಷ್ಟು ಬೇಕಾದರೂ ತುಳಿಯಿರಿ, ಹಾರುವುದು ಮಾತ್ರ ಬೇಡ ಎಂದು ಡಾಕ್ಟರು ಬರೆದೇ ಕೊಟ್ಟಿದ್ದಾರೆ, ಅದರ ಜೆರಾಕ್ಸ್ ಲಗತ್ತಿಸಿದ್ದೇನೆ. ಮಕ್ಕಳ ಸೈಕಲ್ ಕೊಳ್ಳಬಾರದೇ ಎನ್ನುವಿರಾ? ಕೊಂಡು ನೋಡಿದೆ, ಮಂಡಿ ಗಲ್ಲಕ್ಕೆ ಬಡಿಯುತ್ತದೆ. ನಾದಿನಿ ಹಿಡಿದುಕೊಳ್ಳಬಾರದೇ? ಹತ್ತಿಸಲು ಹಿಡಿಯುತ್ತಾಳೆ. ಇಳಿಸಲು ಹಿಡಿದ ದಿನ ಇಬ್ಬರೂ ಸೇರಿ ಬೇಲಿಯೊಳಗೆ ಬಿದ್ದು, ಅವಳು ಎರಡು ದಿನ ಡ್ಯೂಟಿಗೆ ಹೋಗಲಿಲ್ಲ.

ಇದಕ್ಕೆಲ್ಲ ಪರಿಹಾರವಾಗಿ ಸಿಕ್ಕಿದ್ದು ನಿಮ್ಮ ಗೇಟಿನ ಒಳಗೆ, ಸೈಕಲ್ ದಾರಿಯ ಎಡಕ್ಕೆ ಇದ್ದ ಕರಿಕಲ್ಲು. ಮಂಡಿಯೆತ್ತರ, ಮೇಲೆ ಚಪ್ಪಟೆ. ಅದರ ಮೇಲೆ ನಿಂತು ಹತ್ತುವುದು, ಒಂದು ಸುತ್ತು ಬರುವುದು, ಬ್ರೇಕನ್ನು ಮೆಲ್ಲಗೆ ಹಿಡಿದು ಪಕ್ಕಕ್ಕೆ ಬಂದು ಅದರ ಮೇಲೆ ಕಾಲಿಟ್ಟು ಗಾಂಭೀರ್ಯದಿಂದ ಇಳಿಯುವುದು. ಊರಿನ ರಸ್ತೆಯಲ್ಲಿ ನಾನು ತುಳಿಯಲಾರೆ. ಅಲ್ಲಿ ಸಿಗ್ನಲ್ ಇದೆ, ಸಿಗ್ನಲ್ ಕೆಂಪಾದರೆ ನಿಲ್ಲಬೇಕು. ಸಿಗ್ನಲ್ ಇಲ್ಲದ, ಕಾರಿಲ್ಲದ, ಹೊರಟ ಜಾಗಕ್ಕೇ ಬಂದು ಸೇರುವ ದಾರಿ ಈ ಊರಿನಲ್ಲಿ ಒಂದೇ ಒಂದು, ಅದು ನಿಮ್ಮ ಕೈಯಲ್ಲಿದೆ. ಪಾಸು ಹೋದರೆ ನನ್ನ ಸೈಕಲ್ ಸವಾರಿ ಅಲ್ಲಿಗೆ ಮುಗಿಯಿತು. ಇದನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಿ.

ಆ ಭಾನುವಾರ ಬೆಳಿಗ್ಗೆ ಏಳಕ್ಕೆ ಕಲ್ಲಿನಿಂದ ಹೊರಟೆ. ಮ್ಯಾಂಗ್ರೋವ್ ಗಿಡಗಳ ಪಕ್ಕದಲ್ಲಿ ಹಾದು, ಹಿನ್ನೀರಿನ ಮರದ ಸೇತುವೆ ದಾಟಿ, ಮರಳ ದಿಬ್ಬಗಳ ಬೆನ್ನಿಗೆ ಬಳಸಿ, ಸಮುದ್ರವನ್ನು ಎಡಗಡೆ ಇಟ್ಟುಕೊಂಡು ಹದಿನೆಂಟು ನಿಮಿಷಕ್ಕೆ ವಾಪಸು ಬಂದೆ. ಬ್ರೇಕು ಹಿಡಿದೆ. ಕಾಲು ಚಾಚಿದೆ. ಕಲ್ಲಿಲ್ಲ. ಕಲ್ಲಿದ್ದ ಕಡೆ ಒಂದು ಹಸಿ ಗುಂಡಿ, ಅದರಾಚೆ ಒಂದು ಟೆಂಪೊ, ಕೈ ಕೊಡವಿಕೊಳ್ಳುತ್ತಿದ್ದ ನಾಲ್ವರು. ಸೈಕಲ್ ವಾಲತೊಡಗಿತು. ವಾಲಿದ ಸೈಕಲ್‌ಗೆ ಒಂದೇ ಮದ್ದು, ತುಳಿಯುವುದು. ತುಳಿದೆ.

ನಿಮ್ಮ ಗೇಟಿನ ಕಾವಲುಗಾರನನ್ನು ನಾವೆಲ್ಲ ಸೀಟಿ ಎಂದೇ ಕರೆಯುವುದು, ಸೀಟಿ ಅವನ ಬಾಯಿಂದ ಇಳಿದದ್ದನ್ನು ಕಂಡವರಿಲ್ಲ. "ಏನಪ್ಪಾ, ಕಲ್ಲೆಲ್ಲಿ?" ಎಂದು ಕೇಳಿದೆ. ಅವನು ಸೀಟಿ ತೆಗೆದು ಬಾಯಿ ಬಿಡುವಷ್ಟರಲ್ಲಿ ನಾನು ಮುಂದೆ ಹೋಗಿಯಾಗಿತ್ತು. "ಆರ್ಡರ್ ಆಗಿದೆ ಅಮ್ಮಾ" ಎಂಬಷ್ಟು ಕೇಳಿಸಿತು. ಮುಂದಿನ ಪ್ರಶ್ನೆಗೆ ಹದಿನೆಂಟು ನಿಮಿಷ ಕಾಯಬೇಕಾಯಿತು.

"ಯಾರ ಆರ್ಡರು?"

"ಸಾಹೇಬ್ರದ್ದು. ಅಮ್ಮಾ, ಪಾಸಲ್ಲಿ ಒಂದೇ ಸುತ್ತು ಇರೋದು. ನಿಲ್ಸಿ."

"ನಿಲ್ಸೋಕೆ ಬಂದಿದ್ರೆ ನಿಲ್ಸ್ತಿರ್ಲಿಲ್ವೇನಪ್ಪಾ?"

ಪಾಪ, ಅವನು ಸೀಟಿ ಊದುತ್ತಾ ನನ್ನ ಪಕ್ಕದಲ್ಲೇ ಐವತ್ತು ಹೆಜ್ಜೆ ಓಡಿದ. ಸೀಟಿಯ ಸದ್ದನ್ನು ನಿರ್ಲಕ್ಷಿಸಿದ್ದೇನೆಂದು ನೋಟಿಸಿನಲ್ಲಿ ಬರೆದಿದ್ದೀರಿ. ನಿರ್ಲಕ್ಷಿಸಿಲ್ಲ, ಅಷ್ಟು ಹತ್ತಿರದಿಂದ ಊದಿದ್ದನ್ನು ನಿರ್ಲಕ್ಷಿಸಲು ಕಿವಿ ಬಿಡುತ್ತದೆಯೇ? ಊದುವುದು ಅವನ ಕೆಲಸ, ಬೀಳದೆ ಇರುವುದು ನನ್ನ ಕೆಲಸ. ಇಬ್ಬರೂ ನಮ್ಮ ನಮ್ಮ ಕೆಲಸ ಮಾಡುತ್ತಿದ್ದೆವು.

ಇನ್ನು ಮುಂದಿನದನ್ನು ಬರೆಯಬೇಡಿ ಎಂದು ನಾದಿನಿ ಹೇಳಿದ್ದಾಳೆ. "ಅತ್ತಿಗೆ, ಅದನ್ನ ಬರೆದ್ರೆ ಕೇಸ್ ನಿಮ್ಮ ಮೇಲೇ ತಿರುಗತ್ತೆ" ಎಂದಳು. ತಿರುಗಲಿ. ಎರಡನೆಯ ಸುತ್ತಿನಲ್ಲಿ ದಾರಿಯುದ್ದಕ್ಕೂ ಇಳಿಯಲು ಇನ್ನೊಂದು ಕಲ್ಲು ಹುಡುಕಿದೆ. ಮೂರನೆಯ ಸುತ್ತಿನಲ್ಲಿ, ಸೇತುವೆಯ ಹಲಗೆಗಳು ಗಡಗಡ ಎನ್ನುವಾಗ, ನನಗೆ ನಗು ಬಂತು. ಒಬ್ಬಳೇ ನಕ್ಕೆ. ಕೆನ್ನೆ ನೋಯುವಷ್ಟು ನಕ್ಕೆ. ಮುಂದೆ ಏಡಿಗಳ ಮೆರವಣಿಗೆಯೊಂದು ದಾರಿಗೆ ಅಡ್ಡ ಬಂತು. ಜರುಗ್ರಪ್ಪಾ, ನನಗೆ ನಿಲ್ಲಿಸೋಕೆ ಬರಲ್ಲ ಎಂದು ಅವಕ್ಕೂ ಹೇಳಿದೆ, ಜರುಗಿದವು. ಮೂವತ್ತೊಂದು ವರ್ಷ ಬೇರೆಯವರ ಕಾಗದವನ್ನು ಗಾಜಿನ ಮೇಲೆ ಮಕಾಡೆ ಹಾಕಿ, ಮುಚ್ಚಿ, ಗುಂಡಿ ಒತ್ತಿದವಳು. ಇನ್ನೊಂದು ಕಾಪಿ ಕೊಡಿ, ಇನ್ನೆರಡು ಕಾಪಿ ಕೊಡಿ ಎಂದು ಲೋಕವೆಲ್ಲ ನನ್ನನ್ನು ಕೇಳಿದೆ. ನನಗೆ ಏನಾದರೂ ಇನ್ನೊಂದು ಬೇಕು ಅನ್ನಿಸಿದ್ದು ಅವತ್ತೇ. ಸತ್ಯವಾಗಿ ಹೇಳುತ್ತೇನೆ ಸ್ವಾಮಿ, ನಾಲ್ಕನೆಯ ಸುತ್ತಿನಲ್ಲಿ ಕಲ್ಲು ಎದುರಿಗೆ ಬಂದು ನಿಂತಿದ್ದರೂ ನಾನು ಇಳಿಯುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ.

ಅಷ್ಟರಲ್ಲಿ ಗೇಟಿನ ಬಳಿ ಜನ ಸೇರಿದ್ದರು. ವಾಕಿಂಗ್ ಬಂದವರು ಚಪ್ಪಾಳೆ ತಟ್ಟಿದರು, ಯಾರೋ ಎಣಿಸುತ್ತಿದ್ದರು. ನಾನು ನಿಶ್ಶಬ್ದ ವಲಯದಲ್ಲಿ ಕೂಗಾಡಿ ಹಕ್ಕಿಗಳಿಗೆ ತೊಂದರೆ ಕೊಟ್ಟೆನೆಂದು ಆರೋಪ. ಕೂಗಿದ್ದು ನಿಜ. ಬೆಳ್ಳಕ್ಕಿಗಳು ಮೊದಲ ಕೂಗಿಗೆ ಹಾರಿದವು, ಎರಡನೆಯದಕ್ಕೆ ಕತ್ತೆತ್ತಿದವು, ಆಮೇಲೆ ಇವಳು ನಮ್ಮವಳೇ ಎಂಬಂತೆ ಮೀನಿನ ಕಡೆ ಗಮನ ಕೊಟ್ಟವು. ಕೊನೆಗೆ ಸುದ್ದಿ ಕೇಳಿ ಓಡಿ ಬಂದ ನಾದಿನಿ ಗೇಟಿನ ಬಳಿಯ ಬೆಂಚಿನ ಮೇಲೆ ಹತ್ತಿ ನಿಂತು, "ಅತ್ತಿಗೆ, ಮರಳಿಗೆ ಹೊಡೀರಿ, ಮರಳಿಗೆ" ಎಂದಳು. ಹೊಡೆದೆ. ದಿಬ್ಬದ ಬುಡದಲ್ಲಿ ಚಕ್ರ ಹೂತಿತು, ನಾನು ಮೆತ್ತಗೆ ಮಗುಚಿದೆ. ಕಣ್ಣು ಬಿಟ್ಟಾಗ ತಲೆಯ ಮೇಲೆ "ಮರಳ ದಿಬ್ಬ ಹತ್ತಬೇಡಿ" ಎಂಬ ಫಲಕ ನೇತಾಡುತ್ತಿತ್ತು. ಲ್ಯಾಮಿನೇಶನ್ ಗಟ್ಟಿಯಾಗಿತ್ತು.

ಈಗ ನೋಟಿಸಿನ ಜೊತೆ ಬಂದ ನಿಮ್ಮ ಆದೇಶದ ವಿಚಾರ. "ಸೈಕಲ್ ಸವಾರರ ಸುರಕ್ಷತೆಯ ದೃಷ್ಟಿಯಿಂದ ಪಥದಂಚಿನ ಅನಧಿಕೃತ ಕಲ್ಲುಗಳನ್ನು ತೆರವುಗೊಳಿಸತಕ್ಕದ್ದು." ಸುರಕ್ಷತೆ! ಆ ಕಲ್ಲು ಇದ್ದ ಒಂದು ವರ್ಷದಲ್ಲಿ ನಾನು ಒಮ್ಮೆಯೂ ಬೀಳಲಿಲ್ಲ, ಅದು ಹೋದ ದಿನವೇ ಮಣ್ಣು ಮುಕ್ಕಿದೆ. ಮೂರು ಕಿಲೋಮೀಟರ್ ದಾರಿಯಲ್ಲಿ ಇದ್ದದ್ದೇ ಒಂದು ಕಲ್ಲು, ಆದೇಶದಲ್ಲಿ "ಕಲ್ಲುಗಳು". ಕಲ್ಲಿಗೆ ಅಧಿಕಾರ ಪತ್ರ ಕೊಡುವವರು ಯಾರು? ಅದು ಎಲ್ಲಿ ಅರ್ಜಿ ಹಾಕಬೇಕಿತ್ತು? ಇಷ್ಟು ಬಿಸಿಯಾಗಿ ಯೋಚಿಸುತ್ತಿದ್ದಾಗ ಆದೇಶದ ಬಲಗಡೆ ಅಂಚಿನಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಕಾಣಿಸಿತು. ಕಾಗದವನ್ನು ಬೆಳಕಿಗೆ ಹಿಡಿದೆ. ಅದು ನನ್ನ ಯಂತ್ರದ ಗೀರು. ನಾನು ತೆಗೆದ ಕಾಪಿಯಲ್ಲೆಲ್ಲ ಅದು ಬರುತ್ತದೆ. ನಿಮ್ಮ ಜವಾನ ತಂದುಕೊಟ್ಟ ಈ ಆದೇಶಕ್ಕೆ ಇಪ್ಪತ್ತು ಪ್ರತಿ ತೆಗೆದು, ಜೋಡಿಸಿ, ಪಿನ್ ಹೊಡೆದು ಕೊಟ್ಟಿದ್ದೇನೆ. ಓದಿಲ್ಲ. ಜೆರಾಕ್ಸಿನವರು ಓದುವುದಿಲ್ಲ, ಅಂಚು ನೇರವಾಗಿದೆಯೇ ಎಂದಷ್ಟೇ ನೋಡುತ್ತೇವೆ. ನನ್ನ ತಪ್ಪನ್ನು ನಾನು ಒಪ್ಪಿಕೊಂಡೆ. ಸಹಿ ಹಾಕಿದವರೂ ಓದಿರಲಿಲ್ಲವೇ ಎಂದು ಕೇಳುವ ಹಕ್ಕು ಈಗ ನನಗಿದೆ.

ಗುರುವಾರ ಖುದ್ದಾಗಿ ಉತ್ತರ ಕೊಡಲು ನಿಮ್ಮ ಕಚೇರಿಗೆ ಬಂದಿದ್ದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಕಾಯುತ್ತಾ ನಿಂತವಳಿಗೆ ವರಾಂಡದ ಮೆಟ್ಟಿಲ ಪಕ್ಕ ಏನೋ ಕಂಡಿತು. ಸುಣ್ಣ ಬಳಿದು, ಹಸಿರು ಪಟ್ಟಿ ಎಳೆದು, ಮೇಲೊಂದು ಹೂಕುಂಡ ಇಟ್ಟಿದ್ದಾರೆ. ಮಂಡಿಯೆತ್ತರ, ಮೇಲೆ ಚಪ್ಪಟೆ. ಒಂದು ಮೂಲೆಯಲ್ಲಿ ನನ್ನ ಪೆಡಲ್ ತಾಗಿ ಚಕ್ಕೆ ಎದ್ದ ಗುರುತು. ಸವಾರರಿಗೆ ಅಪಾಯಕಾರಿ ಎಂದು ಟೆಂಪೊ ಹತ್ತಿದ ಕಲ್ಲು ಕುಂಡ ಹೊತ್ತುಕೊಂಡು ನಿಮ್ಮ ಬಾಗಿಲಿಗೆ ಅಲಂಕಾರವಾಗಿ ಕೂತಿದೆ. ಜವಾನನನ್ನು ಕೇಳಿದರೆ, "ಚೆನ್ನಾಗಿದೆಯಲ್ಲ ಅಂತ ಸಾಹೇಬ್ರೇ ಇಡ್ಸಿದ್ರು ಅಮ್ಮಾ" ಎಂದ. ಚೆನ್ನಾಗಿದೆ, ನಾನು ಒಂದು ವರ್ಷದಿಂದ ಅದನ್ನೇ ಹೇಳುತ್ತಿದ್ದೇನೆ. ನನಗೆ ಅಳುವೂ ಬಂತು, ನಗುವೂ ಬಂತು, ಯಾವುದಕ್ಕೂ ಅಲ್ಲಿ ಜಾಗವಿರಲಿಲ್ಲ, ಅಂಗಡಿಗೆ ಹಿಂತಿರುಗಿದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನೋಟಿಸ್ ವಾಪಸಾಗಬೇಕು, ಪಾಸು ಉಳಿಯಬೇಕು, ಕಲ್ಲು ತನ್ನ ಗುಂಡಿಗೆ ಮರಳಬೇಕು. ಸುಣ್ಣ ಇದ್ದರೂ ಅಡ್ಡಿಯಿಲ್ಲ, ದೂರದಿಂದ ಚೆನ್ನಾಗಿ ಕಾಣುತ್ತದೆ. ನೀವು ಕೊಟ್ಟ ಏಳು ದಿನ ಸೋಮವಾರಕ್ಕೆ ಮುಗಿಯುತ್ತದೆ, ಅಂದರೆ ಈ ಭಾನುವಾರ ನನ್ನ ಪಾಸು ಇನ್ನೂ ಜೀವಂತ. ಏಳು ಗಂಟೆಗೆ ನಾದಿನಿ ನನ್ನನ್ನು ಸೈಕಲ್ ಹತ್ತಿಸುತ್ತಾಳೆ. ನಿಯಮದಂತೆ ಒಂದೇ ಸುತ್ತು ಹೊಡೆಯುತ್ತೇನೆ. ಕಲ್ಲು ಗುಂಡಿಯಲ್ಲಿದ್ದರೆ ಅಲ್ಲೇ ಇಳಿದು ಮನೆಗೆ ಹೋಗುತ್ತೇನೆ. ಇಲ್ಲದಿದ್ದರೆ ಗೇಟಿನಿಂದ ಹೊರಬಿದ್ದು ನೇರ ನಿಮ್ಮ ಕಚೇರಿಗೆ ಬರುತ್ತೇನೆ. ಇನ್ನೂರು ಮೀಟರ್ ಇಳಿಜಾರು, ಸಿಗ್ನಲ್ ಇಲ್ಲ, ನೋಡಿಕೊಂಡು ಬಂದಿದ್ದೇನೆ. ಇಳಿಯಲು ನನಗೆ ಗೊತ್ತಿರುವುದು ಆ ಕಲ್ಲೊಂದೇ, ಅದು ಎಲ್ಲಿದೆಯೋ ಅಲ್ಲೇ ಇಳಿಯಬೇಕು. ಏಳೂಕಾಲಿನಿಂದ ಕಚೇರಿಯ ಗೇಟು ತೆರೆದಿಡಿ, ಹೂಕುಂಡ ತೆಗೆದಿಡಿ, ವರಾಂಡದಲ್ಲಿ ಯಾರನ್ನೂ ಕೂರಿಸಬೇಡಿ. ನಾನು ಗಂಟೆ ಬಾರಿಸುತ್ತೇನೆ, ನಿಲ್ಲಿಸುವುದು ಮಾತ್ರ ನನ್ನ ಕೈಯಲ್ಲಿಲ್ಲ.

ಇಂತಿ,
ಭಾನುವಾರ ನಿಮ್ಮ ಮೆಟ್ಟಿಲ ಬಳಿ ಭೇಟಿಯಾಗಲಿರುವ,
ಜೆರಾಕ್ಸ್ ಅಂಗಡಿಯವಳು
(ಪ್ರತಿ ಇಪ್ಪತ್ತು. ಈ ಸಲ ಓದಿಯೇ ತೆಗೆದಿದ್ದೇನೆ.)